ಕುಕ್ಕರಿನಲ್ಲಿ ಎರಡು ಬಣ್ಣದ ಕೇಕು

ತಿಂಗಳ ಕೊನೆಯಲ್ಲಿ ಮಗುವಿನ ಹುಟ್ಟುಹಬ್ಬ ಬಂದರೆ ಅಂಗಡಿಯ ಕೇಕು ಕೈಗೆಟುಕದು. ಶೋಳಿಂಗನಲ್ಲೂರಿನ ನಮ್ಮ ಬಾಡಿಗೆ ಕೋಣೆಗಳಲ್ಲಿ ಓವನ್ ಇಲ್ಲ. ಕುಕ್ಕರ್ ಇದೆ, ಅಷ್ಟು ಸಾಕು. ಅಮೃತಶಿಲೆಯಂತೆ ಗೆರೆಗೆರೆಯಾಗಿರುವ ಮಾರ್ಬಲ್ ಕೇಕನ್ನು ನಾವು ಹೀಗೆ ಮಾಡುತ್ತೇವೆ.

ಒಂದು ಲೋಟ ಗಟ್ಟಿ ಮೊಸರಿನಲ್ಲಿ ಮುಕ್ಕಾಲು ಲೋಟ ಸಕ್ಕರೆ ಪುಡಿ ಕರಗಿಸಿ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಿರಿ. ಐದು ನಿಮಿಷದಲ್ಲಿ ನೊರೆ ಏಳಬೇಕು. ಮೊಸರಿನ ಹುಳಿಯೂ ಸೋಡಾವೂ ಸೇರಿ ಹುಟ್ಟುವ ಅನಿಲವೇ ಕೇಕನ್ನು ಉಬ್ಬಿಸುವುದು. ಇಲ್ಲಿಯ ಕಡಲ ತೇವಗಾಳಿಗೆ ತೆರೆದಿಟ್ಟ ಬೇಕಿಂಗ್ ಪೌಡರ್ ಸತ್ತ್ವಗೆಡುತ್ತದೆ. ಚಿಟಿಕೆ ಪುಡಿಯನ್ನು ಬಿಸಿನೀರಿಗೆ ಹಾಕಿ, ನೊರೆ ಬಾರದಿದ್ದರೆ ಚೆಲ್ಲಿರಿ. ಬಳಿಕ ಅರ್ಧ ಲೋಟ ಎಣ್ಣೆ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್, ಒಂದೂವರೆ ಲೋಟ ಮೈದಾ ಸೇರಿಸಿರಿ. ಹೆಚ್ಚು ಕಲಸಿದರೆ ಕೇಕು ಗಟ್ಟಿಯಾಗುವುದು.

ಅರ್ಧ ಹಿಟ್ಟಿಗೆ ಎರಡು ದೊಡ್ಡ ಚಮಚ ಕೋಕೋ ಪುಡಿ ಹಾಕಿರಿ. ಕೋಕೋ ತೇವ ಹೀರುವುದರಿಂದ ಅಷ್ಟೇ ಹಾಲನ್ನೂ ಸೇರಿಸಬೇಕು. ಎರಡು ಹಿಟ್ಟೂ ಒಂದೇ ಹದಕ್ಕಿದ್ದರೆ ಮಾತ್ರ ಗೆರೆ ಮೂಡುವುದು. ಇದನ್ನರಿಯದೆ ನಮ್ಮ ಮೊದಲ ಕೇಕು ಕೆಟ್ಟಿತು. ಕೋಕೋ ನಮಗೆ ಪರಕೀಯವಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು.

ಎಣ್ಣೆ ಸವರಿದ ಪಾತ್ರೆಗೆ ಎರಡು ಹಿಟ್ಟನ್ನೂ ಸರದಿಯಂತೆ ಸುರಿದು, ಕಡ್ಡಿಯಿಂದ ಒಂದೇ ಸುತ್ತು ಎಳೆಯಿರಿ. ಕುಕ್ಕರಿಗೆ ನೀರು ಬೇಡ. ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದು ಹತ್ತು ನಿಮಿಷ ಕಾಯಿಸಿರಿ. ಆಮೇಲೆ ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿರಿ. ಅರ್ಧ ಗಂಟೆಯೊಳಗೆ ಮುಚ್ಚಳ ತೆಗೆದರೆ ನಡು ಕುಸಿಯುವುದು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಕೇಕು ಬೆಂದಿದೆ. ಆರಿದ ಮೇಲೆ ಕೊಯ್ದು, ಪಕ್ಕದ ಕೋಣೆಯವರಿಗೂ ಒಂದು ತುಂಡು ಕೊಡಿರಿ.