ಊರಿನ ಪತ್ರಿಕೆಗಳ ಅವನತಿ

ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಹೊರಗಿನ ಬೀದಿಯನ್ನೂ ಏಕಕಾಲದಲ್ಲಿ ಬೆಳಗುವುದೆಂಬುದು ಅದರ ತಾತ್ಪರ್ಯವು. ಊರಿನ ಪತ್ರಿಕೆಯೂ ಇಂಥ ದೀಪವೇ ಸರಿ. ಹೊರಗಿನ ವರ್ತಮಾನವನ್ನು ಊರಿಗೆ ತರುವುದರೊಡನೆ, ಊರಿನ ವರ್ತಮಾನವನ್ನು ಊರವರಿಗೇ ತಿಳಿಸುವುದು ಅದರ ಧರ್ಮ. ಈ ದೀಪಗಳು ಒಂದೊಂದಾಗಿ ಮಂಕಾಗುತ್ತಿರುವುದನ್ನು ಕಂಡು, ವಾಚಕಮಹಾಶಯರ ಮುಂದೆ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳಲು ಹೊರಟಿದ್ದೇವೆ.

ಕನ್ನಡದಲ್ಲಿ ಪತ್ರಿಕೆಯು ಹುಟ್ಟಿದ್ದೇ ಊರಿನ ಪತ್ರಿಕೆಯಾಗಿ. 1843ನೆಯ ಇಸವಿ ಜುಲೈ 1ರಂದು ಹರ್ಮನ್ ಮ್ಯೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದ ಪಾಕ್ಷಿಕಕ್ಕೆ 'ಮಂಗಳೂರ ಸಮಾಚಾರ'ವೆಂದು ಊರಿನ ಹೆಸರನ್ನೇ ಇಟ್ಟರು. ಊರ ವರ್ತಮಾನಕ್ಕೆ ಅದರಲ್ಲಿ ಪ್ರತ್ಯೇಕವಾದ ಸ್ಥಳವಿದ್ದಿತು. ಮುಂದೆ ಮೈಸೂರಿನಲ್ಲಿ, ತಾತಯ್ಯನವರೆಂದು ಜನರು ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು (1844–1933) ಮರಿಮಲ್ಲಪ್ಪ ಶಾಲೆಯ ಉಪಾಧ್ಯಾಯರಾಗಿದ್ದುಕೊಂಡೇ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಮೊದಲಾದ ಪತ್ರಿಕೆಗಳನ್ನು ನಡೆಯಿಸಿದರು. 1908ರಲ್ಲಿ ಸಂಸ್ಥಾನದ ಸರ್ಕಾರವು ಪತ್ರಿಕೆಗಳನ್ನು ಬಿಗಿಹಿಡಿಯುವ ನಿಬಂಧನೆಯನ್ನು ತಂದಾಗ ಅದನ್ನು ವಿರೋಧಿಸಿದವರಲ್ಲಿ ಅವರು ಅಗ್ರಗಣ್ಯರು. ಕೊಡಗಿನಲ್ಲಿ ಪಂದ್ಯಂಡ ಬೆಳ್ಯಪ್ಪನವರ 'ಕೊಡಗು' ಪತ್ರಿಕೆಯೂ, 1957ರಿಂದ ಮಡಿಕೇರಿಯ 'ಶಕ್ತಿ'ಯೂ ಇದೇ ಮಾರ್ಗದವು. ಸಂಸ್ಕೃತವನ್ನೋದಿದ ನಮ್ಮಂಥವರಿಗಂತೂ ಮೈಸೂರಿನ 'ಸುಧರ್ಮಾ' ಪತ್ರಿಕೆಯ ವಿಷಯದಲ್ಲಿ ವಿಶೇಷವಾದ ಅಭಿಮಾನ. 1970ರಲ್ಲಿ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ಯರು ಆರಂಭಿಸಿದ ಈ ಸಂಸ್ಕೃತ ದಿನಪತ್ರಿಕೆಯನ್ನು ಅವರ ಮಕ್ಕಳು ಸಂಪತ್ ಕುಮಾರರು, 2021ರಲ್ಲಿ ತಾವು ದಿವಂಗತರಾಗುವವರೆಗೂ, ಪತ್ನಿ ಜಯಲಕ್ಷ್ಮಿಯವರ ಸಹಾಯದಿಂದ ಪೋಷಿಸಿಕೊಂಡು ಬಂದರು. ಸಣ್ಣ ಪತ್ರಿಕೆಯೊಂದರ ಬೆನ್ನ ಹಿಂದೆ ಒಂದು ಮನೆಯವರೆಲ್ಲರ ದುಡಿಮೆಯಿರುವುದೆಂಬುದಕ್ಕೆ ಇದು ನಿದರ್ಶನವು.

ಇನ್ನು ನಾವು ಕಣ್ಣಾರೆ ಕಂಡ ಸಂಗತಿಯೊಂದನ್ನು ಹೇಳುವೆವು. ನಾವು ಉಪಾಧ್ಯಾಯರಾಗಿದ್ದ ತಾಲ್ಲೂಕು ಊರೊಂದರಲ್ಲಿ ನಾಲ್ಕು ಪುಟಗಳ ವಾರಪತ್ರಿಕೆಯೊಂದಿದ್ದಿತು. ಸಂಪಾದಕರೇ ಸುದ್ದಿಯನ್ನು ಬರೆದು, ತಾವೇ ಮೊಳೆ ಜೋಡಿಸಿ, ಕಾಲಿನಿಂದ ತುಳಿಯುವ ಯಂತ್ರದಲ್ಲಿ ಅಚ್ಚುಹಾಕಿ, ಶನಿವಾರ ಬೆಳಗ್ಗೆ ಸೈಕಲ್ಲಿನ ಮೇಲೆ ಮನೆಮನೆಗೆ ಹಂಚುವರು. ಅಡಕೆಯ ಧಾರಣೆ, ಸಂತೆಯ ಸಮಾಚಾರ, ಮದುವೆ, ಮರಣ, ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗರ ಹೆಸರು, ಇಷ್ಟೇ ಅದರ ಬಂಡವಾಳ. ಒಮ್ಮೆ ನಮ್ಮ ಶಾಲೆಯ ನೀರಿನ ತೊಟ್ಟಿಯು ಬಿರುಕುಬಿಟ್ಟು, ಮಕ್ಕಳು ಬಾಯಾರಿಕೆಗೆ ಪಕ್ಕದ ಹೋಟೆಲಿನ ಬಾಗಿಲಲ್ಲಿ ನಿಲ್ಲಬೇಕಾಯಿತು. ಸಂಬಂಧಪಟ್ಟ ಕಚೇರಿಗೆ ಮೂರು ಅರ್ಜಿಗಳನ್ನು ಕೊಟ್ಟೆವು; ಉತ್ತರ ಬರಲಿಲ್ಲ. ಸಂಪಾದಕರು ಅರ್ಜಿ ಕೊಟ್ಟ ಮೂರು ತಾರೀಖುಗಳನ್ನು ಮಾತ್ರ ಒಂದರ ಕೆಳಗೊಂದರಂತೆ ಅಚ್ಚುಹಾಕಿದರು. ನಿಂದೆಯ ಮಾತು ಒಂದೂ ಇರಲಿಲ್ಲ. ಮುಂದಿನ ಶನಿವಾರ ಬರುವುದರೊಳಗೆ ತೊಟ್ಟಿಯು ದುರಸ್ತಾಯಿತು!

ಆ ಸಂಪಾದಕರು ಕಾಲವಾದ ತರುವಾಯ ಪತ್ರಿಕೆಯೂ ನಿಂತಿತು. ಈಚೆಗೆ ಆ ಶಾಲೆಯ ಸುವರ್ಣಮಹೋತ್ಸವಕ್ಕಾಗಿ ಚರಿತ್ರೆಯೊಂದನ್ನು ಬರೆಯಬೇಕೆಂದು ಹೋದಾಗ ಹಳೆಯ ಸಂಚಿಕೆಗಳನ್ನು ವಿಚಾರಿಸಿದೆವು. ಕೆಲವು ರದ್ದಿಗೆ ಹೋಗಿದ್ದವು, ಉಳಿದುವನ್ನು ಗೆದ್ದಲು ತಿಂದಿದ್ದಿತು. ಶಾಲೆಗೆ ಜಮೀನು ಕೊಟ್ಟ ಪುಣ್ಯಾತ್ಮರ ಹೆಸರಿನಲ್ಲಿಯೇ ಊರ ಹಿರಿಯರಿಗೆ ಭಿನ್ನಾಭಿಪ್ರಾಯ! ಅದನ್ನು ನಿರ್ಣಯಿಸುವ ಸಾಕ್ಷಿಯು ಎಲ್ಲಿಯೂ ದೊರೆಯಲಿಲ್ಲ.

ಈ ದುರವಸ್ಥೆಗೆ ಕಾರಣಗಳು ಹಲವು. ಮುದ್ರಣ ಕಾಗದದ ಬೆಲೆಯು ಏರಿತು. ಅದರ ಆಮದಿನ ಮೇಲೆ 2019ರಲ್ಲಿ ಶೇಕಡ 10ರ ಸುಂಕವೂ ಬಿದ್ದು, ಮರುವರ್ಷ ಶೇಕಡ 5ಕ್ಕೆ ಇಳಿಯಿತು. 2020ರ ಸಾಂಕ್ರಾಮಿಕದಲ್ಲಿ ಜನರು ಪತ್ರಿಕೆಯನ್ನು ಮುಟ್ಟುವುದಕ್ಕೇ ಅಂಜಿದರು. ಮನೆ ಬಾಡಿಗೆ, ನಿವೇಶನ, ವಧೂವರರ ಜಾಹೀರಾತುಗಳು ಮೊಬೈಲಿಗೆ ಹೋದುವು. ರಾಜಧಾನಿಯ ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದು ಪುಟವನ್ನು ತೆರೆದು ಚಂದಾದಾರರನ್ನು ಸೆಳೆದುಕೊಂಡುವು. ಸಣ್ಣ ಪತ್ರಿಕೆಗಳಲ್ಲಿ ಕೆಲವು ಹೆದರಿಸಿ ಹಣ ಕೀಳುವ ಕೀಳು ವೃತ್ತಿಗೆ ಇಳಿದು, ಒಳ್ಳೆಯವಕ್ಕೂ ಕೆಟ್ಟ ಹೆಸರನ್ನು ತಂದುದೂ ನಿಜ. ಅದನ್ನು ಮರೆಮಾಚುವುದು ಸರಿಯಲ್ಲ.

"ಸುದ್ದಿಯು ಕ್ಷಣಮಾತ್ರದಲ್ಲಿ ಮೊಬೈಲಿಗೇ ಬರುವಾಗ ಪತ್ರಿಕೆಯಿಂದೇನು?" ಎಂದು ನಮ್ಮ ಮನೆಯ ಹುಡುಗರು ಕೇಳುತ್ತಾರೆ. ಪ್ರಶ್ನೆಯು ಯೋಗ್ಯವಾದುದೇ. ಆದರೆ ಪತ್ರಿಕೆಯ ಪ್ರತಿಯೊಂದು ಸಂಚಿಕೆಯಲ್ಲಿಯೂ ಮುದ್ರಕನ ಹೆಸರು, ಪ್ರಕಾಶಕನ ಹೆಸರು, ಮುದ್ರಣಸ್ಥಳ ಇವು ಇರತಕ್ಕದ್ದೆಂದು 1867ರಷ್ಟು ಹಿಂದೆಯೇ ಕಾನೂನಾಯಿತು. ತಪ್ಪು ಬರೆದರೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ಗೊತ್ತು. ಮೊಬೈಲಿನಲ್ಲಿ ಹತ್ತು ಕೈ ದಾಟಿ ಬಂದ ಮಾತಿಗೆ ಅಪ್ಪನಾರು, ಅಜ್ಜನಾರು? ಇಂದು ಬಂದುದು ನಾಳೆ ಅಳಿಸಿಹೋದರೆ ಸಾಕ್ಷಿ ಹೇಳುವವರಾರು?

ಇದು ಸಣ್ಣ ಊರುಗಳ ಕಷ್ಟವೆಂದು ಪಟ್ಟಣದ ನಾವು ಸುಮ್ಮನಿರುವಂತಿಲ್ಲ. ನಾವೀಗ ನೆಲೆಸಿರುವ ಬೆಂಗಳೂರಿನ ವಿಜಯನಗರವು ಎಷ್ಟೋ ತಾಲ್ಲೂಕು ಊರುಗಳಿಗಿಂತ ದೊಡ್ಡದು. ಮೆಟ್ರೋ ರೈಲು ನಮ್ಮ ತಲೆಯ ಮೇಲೆ ಓಡುತ್ತಿದೆ. ಆದರೂ ನಮ್ಮ ಬೀದಿಯ ಚರಂಡಿಯನ್ನು ಅಗೆದವರಾರು, ಮುಚ್ಚಬೇಕಾದವರಾರು ಎಂಬುದು ನಮಗೆ ತಿಳಿಯದು. 2020ರ ಸೆಪ್ಟೆಂಬರಿನಲ್ಲಿ ನಗರಪಾಲಿಕೆಯ ಸದಸ್ಯರ ಅವಧಿಯು ಮುಗಿದ ಮೇಲೆ ಐದು ವರ್ಷಗಳು ಕಳೆದರೂ ಚುನಾವಣೆಯು ನಡೆಯಲಿಲ್ಲ. 2025ರಲ್ಲಿ ಒಂದು ಪಾಲಿಕೆಯಿದ್ದುದು ಐದಾಯಿತು. ನಾವು ಪ್ರತಿದಿನವೂ ಓದುವ ಪತ್ರಿಕೆಯಲ್ಲಿ ದೆಹಲಿಯ ಮಂತ್ರಾಲೋಚನೆಯೆಲ್ಲವೂ ಇರುವುದು. ನಮ್ಮ ಬಡಾವಣೆಯ ಲೆಕ್ಕಪತ್ರವು ಇರದು. ಕೇಳುವ ಸದಸ್ಯನೂ ಇಲ್ಲದೆ ಬರೆಯುವ ಪತ್ರಿಕೆಯೂ ಇಲ್ಲದೆ ಹೋದರೆ, ತೆರಿಗೆ ಕೊಡುವ ಗೃಹಸ್ಥನ ಗತಿಯೇನು? ಅಮೆರಿಕ ದೇಶದಲ್ಲಿ 2005ರಿಂದೀಚೆಗೆ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಪತ್ರಿಕೆಗಳು ನಿಂತುಹೋದುವು. ಊರ ಪತ್ರಿಕೆಯು ಮುಚ್ಚಿದಲ್ಲಿ ಸ್ಥಳೀಯ ಸಂಸ್ಥೆಗಳು ಮಾಡುವ ಸಾಲದ ಬಡ್ಡಿಯು ಏರುವುದೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ತೋರಿಸಿದ್ದಾರೆ. ನೋಡುವ ಕಣ್ಣಿಲ್ಲದಲ್ಲಿ ಸಾಲ ಕೊಡುವವನಿಗೂ ನಂಬಿಕೆಯು ಕುಗ್ಗುವುದು. ಆ ಹೆಚ್ಚಿನ ಬಡ್ಡಿಯನ್ನು ತೆರುವವರು ಊರವರೇ.

ಆದಕಾರಣ ಗೃಹಸ್ಥರಲ್ಲಿ ನಮ್ಮ ಅರಿಕೆಯಿಷ್ಟೇ. ತಮ್ಮ ಹುಟ್ಟಿದೂರಿನಲ್ಲಿ ಇನ್ನೂ ನಡೆಯುತ್ತಿರುವ ಪ್ರಾಮಾಣಿಕವಾದ ಪತ್ರಿಕೆಯೊಂದಕ್ಕೆ ವರ್ಷದ ಚಂದಾ ಕಳುಹಿಸಿರಿ. ಒಂದು ಹೊತ್ತಿನ ಹೋಟೆಲಿನ ಊಟಕ್ಕಿಂತ ಅದು ಹೆಚ್ಚಾಗಲಾರದು. ಮನೆಯ ಶುಭಾಶುಭಗಳನ್ನು ಅದರಲ್ಲಿ ಪ್ರಕಟಿಸಿರಿ. ಅಟ್ಟದ ಮೇಲೆ ಹಳೆಯ ಸಂಚಿಕೆಗಳ ಕಟ್ಟಿದ್ದರೆ ರದ್ದಿಯವನಿಗೆ ತೂಗಿಸುವ ಮೊದಲು ಊರಿನ ಗ್ರಂಥಾಲಯದವರನ್ನು ಕೇಳಿರಿ. ನಾವು ಆ ತಾಲ್ಲೂಕು ಊರಿನಿಂದ ಹಿಂತಿರುಗುವಾಗ, ಸಂಪಾದಕರ ಮನೆಯವರು ಹುಡುಕಿ ಕೊಟ್ಟ ಒಂದೇ ಒಂದು ಸಂಚಿಕೆಯನ್ನು ಜೊತೆಗೆ ತಂದೆವು. ಅಂಚೆಲ್ಲವೂ ಗೆದ್ದಲಿನ ಪಾಲು. ನಡುವೆ ಮೂರು ತಾರೀಖುಗಳು ಮಾತ್ರ ಇನ್ನೂ ಸ್ಪಷ್ಟವಾಗಿವೆ.