ಪಹಣಿಯಲ್ಲಿಲ್ಲದ ರೈತ ಮಹಿಳೆ

ರಾಗಿ ಹೊಲದಲ್ಲಿ ಕಳೆ ಕೀಳುವವರು ಯಾರು? ಬಿತ್ತನೆಗೆಂದು ಒಳ್ಳೆಯ ತೆನೆ ಆರಿಸಿಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳೇ. ಅಲಸಂದೆ ಬೀಜಕ್ಕೆ ಹುಳು ಬೀಳದಂತೆ ಬೂದಿ ಬೆರೆಸಿಡುವ ವಿದ್ಯೆಯೂ ಅವರದೇ. ಆದರೆ ಪ್ರಗತಿಪರ ರೈತರನ್ನು ಆರಿಸುವಾಗ ಮೊದಲು ನೋಡುವುದು ಪಹಣಿ. ಅಲ್ಲಿರುವುದು ಸಾಮಾನ್ಯವಾಗಿ ಯಜಮಾನರ ಹೆಸರು. ತರಬೇತಿಯ ಕರೆ, ಬೆಳೆ ಸಾಲ, ಬಹುಮಾನ ಎಲ್ಲವೂ ಆ ಹೆಸರಿನ ಹಿಂದೆಯೇ ಹೋಗುತ್ತವೆ. 2015–16ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿದಾರರ ಪೈಕಿ ಮಹಿಳೆಯರು ಸುಮಾರು 14 ಮಂದಿ ಮಾತ್ರ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತು. ಇಡೀ ದೇಶಕ್ಕೆ 2005ರಲ್ಲಿ ಬಂತು. ಆದರೂ ಅರಿಸಿನ ಕುಂಕುಮದ ಹೆಸರಿನಲ್ಲಿ ಹಕ್ಕು ಬಿಡಿಸಿಕೊಳ್ಳುವ ಪದ್ಧತಿ ನಿಂತಿಲ್ಲ. ಇದು ನನಗೆ ಸರಿಕಾಣದು.

ಜಮೀನು ಕೊಳ್ಳುವಾಗ ಕ್ರಯಪತ್ರವನ್ನು ದಂಪತಿಗಳ ಜಂಟಿ ಹೆಸರಿಗೆ ನೋಂದಾಯಿಸಿ, ಖಾತೆ ಬದಲಾದ ಮೇಲೆ ಪಹಣಿಯಲ್ಲಿ ಇಬ್ಬರ ಹೆಸರೂ ಇದೆಯೇ ನೋಡಿಕೊಳ್ಳಿ. ಹಾಲಿನ ಸಂಘದಲ್ಲಿ ಹಸು ಸಾಕುವವರೇ ಸದಸ್ಯರಾಗಲಿ. ಬೀಜೋಪಚಾರದ ತರಬೇತಿಗೆ ಬೀಜ ಆರಿಸುವವರ ಹೆಸರನ್ನೇ ಬರೆಸಿ. ಬೆಳಗಿನ ಹಾಲು ಕರೆದು, ಅಡಿಗೆ ಮುಗಿದ ಮೇಲೆ, ಊರಿನಲ್ಲಿಯೇ ತರಗತಿ ಇಡುವಂತೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.