ಕಥಾಸಮಯದಲ್ಲಿ “ಮುಂದೇನಾದೀತು?” ಎಂಬ ಪ್ರಶ್ನೆ

ಕಥೆ ಕೇಳುವ ಮಗುವು ಸುಮ್ಮನೆ ಕುಳಿತಿರುವಂತೆ ನಮಗೆ ತೋರುವುದು. ವಾಸ್ತವವಾಗಿ ಅದರ ಮನಸ್ಸು ಕಥೆಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿರುವುದು. ಆ ಓಟಕ್ಕೆ ದಾರಿ ತೋರಿಸುವುದನ್ನೇ ಊಹೆಯನ್ನು ಕಲಿಸುವುದು ಎನ್ನುವೆವು. ಇದು ಕಣಿ ಹೇಳುವ ವಿದ್ಯೆಯಲ್ಲ. ತಿಳಿದುದನ್ನು ಆಧರಿಸಿ ತಿಳಿಯದುದನ್ನು ಎಣಿಸುವ ಅಭ್ಯಾಸ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಕೆಲವರು ಉಪಾಧ್ಯಾಯಿನಿಯರೂ ಆಗಿರುವುದರಿಂದ ಇದನ್ನು ಇಲ್ಲಿ ವಿವರಿಸುವುದು ಉಚಿತವೆಂದೆಣಿಸಿದೆನು.

ಕಾಗಕ್ಕ ಗುಬ್ಬಕ್ಕರ ಕಥೆಯನ್ನು ತೆಗೆದುಕೊಳ್ಳೋಣ. ಗುಬ್ಬಿಯದು ಕಲ್ಲಿನ ಮನೆ, ಕಾಗೆಯದು ಮಣ್ಣಿನ ಮನೆ. ಸಗಣಿಯ ಮನೆಯೆಂದು ಹೇಳುವ ಅಜ್ಜಿಯರೂ ಉಂಟು. ಕರಿಯ ಮೋಡ ಕವಿಯಿತೆಂಬಲ್ಲಿ ಕಥೆಯನ್ನು ನಿಲ್ಲಿಸಿ, “ಮುಂದೇನಾದೀತು?” ಎಂದು ಕೇಳತಕ್ಕದ್ದು. ಕಾಗಕ್ಕನ ಮನೆ ಕರಗೀತೆಂದು ಹೆಚ್ಚಿನ ಮಕ್ಕಳು ಹೇಳುವರು. ಹಿರಿಯೂರಿನ ಕಡೆಯ ಒಂದು ಮಗುವಾದರೋ, “ಮೋಡ ಬಂದ್ರೂ ಮಳೆ ಬರಲ್ಲ, ಮಿಸ್” ಎಂದಿತು. ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಅಂಥ ಸೀಮೆಯ ಮಗುವಿಗೆ ಈ ಉತ್ತರವು ಸಹಜ. ಕಥೆಯಲ್ಲಿ ಮಳೆ ಬಂದೇ ಬಂದಿತು. ಆದರೂ ಮಗುವಿನ ಊಹೆಗೆ ಆಧಾರವಿದ್ದಿತು.

ಆದಕಾರಣ ಉತ್ತರ ಬಂದೊಡನೆ “ಸರಿ” ಎನ್ನಬಾರದು, “ತಪ್ಪು” ಎಂತಲೂ ಅನ್ನಬಾರದು. “ಯಾಕೆ ಹಾಗೆ ತೋರಿತಮ್ಮಾ?” ಎಂದು ಕೇಳಿ, ಕಾರಣವನ್ನು ತಾಳ್ಮೆಯಿಂದ ಆಲಿಸಿ, ಕಥೆಯನ್ನು ಮುಂದುವರಿಸಬೇಕು. ಊಹೆಯನ್ನು ಕಥೆಯೇ ಪರೀಕ್ಷಿಸಲಿ. ತಪ್ಪೆಂಬ ಮಾತನ್ನು ಎರಡು ಸಾರಿ ಕೇಳಿದ ಮಗುವು ಮೂರನೆಯ ಸಾರಿ ಕಥೆಯನ್ನು ಬಿಟ್ಟು ನಮ್ಮ ಮುಖವನ್ನು ನೋಡತೊಡಗುವುದು. ನಮಗೆ ಬೇಕಾದ ಉತ್ತರವನ್ನು ಅಲ್ಲಿ ಹುಡುಕುವುದು. ಹುಡುಗಿಯರಲ್ಲಿ ಈ ಅಭ್ಯಾಸವು ಬೇಗನೆ ಬೇರೂರುವುದು. ಹೈಸ್ಕೂಲಿಗೆ ಬಂದ ಮೇಲೂ ಸ್ವಂತ ಅಭಿಪ್ರಾಯ ಹೇಳಲು ಅಂಜುವವರನ್ನು ನಾನು ಪ್ರತಿವರ್ಷವೂ ಕಾಣುವೆನು.

ಪುಣ್ಯಕೋಟಿಯ ಕಥೆಯನ್ನು ಮೊದಲ ಸಲ ಕೇಳುವ ಮಗುವು ಹುಲಿಯು ಹಸುವನ್ನು ತಿಂದೀತೆಂದು ಹೇಳುವುದು. ಹುಲಿಯ ಸ್ವಭಾವವನ್ನು ಬಲ್ಲವರಾರೂ ಹಾಗೆಯೇ ಹೇಳುವರು! ಹುಲಿ ತಾನೇ ಪ್ರಾಣ ಬಿಟ್ಟಿತೆಂದು ಕೇಳಿದಾಗ ಮೊದಲೇ ಊಹಿಸಿದ್ದ ಮಗುವಿಗೆ ಆಗುವ ಆಶ್ಚರ್ಯವು ಸುಮ್ಮನೆ ಕೇಳಿದ ಮಗುವಿಗೆ ಆಗದು. ಆದರೆ ಮಾತುಮಾತಿಗೂ ನಿಲ್ಲಿಸಿದರೆ ಕಥೆಯ ರುಚಿ ಕೆಡುವುದು. ಒಂದು ಕಥೆಗೆ ಎರಡು ಮೂರು ನಿಲುಗಡೆಗಳು ಸಾಕು. ಕೇಳಿದ ಮೇಲೆ ಕೊಂಚ ಹೊತ್ತು ಮೌನವಾಗಿ ಕಾಯಬೇಕು. ನಮ್ಮಲ್ಲಿ ಬಹುಮಂದಿಗೆ ಇದೇ ಕಷ್ಟ.

ಮಕ್ಕಳಿಗೆ ಮೊದಲೇ ಗೊತ್ತಿರುವ ಕಥೆಗಳಲ್ಲಿ ಮುಂದೇನೆಂದು ಕೇಳಿದರೆ ಬರುವುದು ನೆನಪೇ ಹೊರತು ಊಹೆಯಲ್ಲ. ಚಿತ್ರದುರ್ಗದ ಯಾವ ಮಗುವಿಗೆ ಒನಕೆ ಓಬವ್ವನ ಕಥೆ ತಿಳಿಯದು? ಹೊಳಲ್ಕೆರೆ, ಹೊಸದುರ್ಗಗಳಿಂದ ಬರುವವರೂ ಕೋಟೆಯ ಕಿಂಡಿಯನ್ನು ನೋಡಿಯೇ ಬಂದಿರುವರು. ಅಲ್ಲಿ ಪ್ರಶ್ನೆಯನ್ನು ತಿರುಗಿಸಬೇಕು. ಓಬವ್ವನು ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸಿದ್ದರೆ ಏನಾಗುತ್ತಿತ್ತೆಂದು ಒಂದನೆಯ ತರಗತಿಯಲ್ಲಿ ಕೇಳಿದೆವು. ಅವನು ಕೈ ತೊಳೆದು ಏಳುವಷ್ಟರಲ್ಲಿ ಹೈದರಾಲಿಯ ಸೈನಿಕರು ಒಳಗೆ ತುಂಬಿಕೊಳ್ಳುತ್ತಿದ್ದರೆಂದು ಒಬ್ಬಳು ಹೇಳಿದಳು. ಇಲ್ಲ, ಅವನು ಕಹಳೆಯನ್ನೂದಿ ಎಲ್ಲರನ್ನೂ ಕರೆಯುತ್ತಿದ್ದನೆಂದು ಇನ್ನೊಬ್ಬಳು ವಾದಿಸಿದಳು. ಗಂಟೆ ಹೊಡೆದರೂ ಆ ವಾದವು ಮುಗಿಯಲಿಲ್ಲ.